ಕೃಷ್ಣೆಯ ನಾಳೆಯನ್ನು ಯಾವ ಹವಾಮಾನ ಮಾಡೆಲ್‌ಗೆ ಕೇಳೋದು?

"2050ರ ಹೊತ್ತಿಗೆ ಕೃಷ್ಣೆಯಲ್ಲಿ ಪ್ರವಾಹ ಜಾಸ್ತಿ ಆಗುತ್ತಾ? ಒಳ್ಳೆ ಮಾಡೆಲ್ ಯಾವುದು ಹೇಳಿ, ಡೇಟಾ ಇಳಿಸ್ಕೊಂಡು ನಾವೇ ನೋಡ್ತೀವಿ" ಅಂತ ತುಂಬಾ ಜನ ನನ್ನನ್ನು ಕೇಳ್ತಾರೆ. ಬೆಂಚ್‌ಮಾರ್ಕ್ ನೋಡಿ ಮೊದಲ ಸ್ಥಾನದ್ದನ್ನು ಎತ್ತಿಕೊಳ್ಳೋದು ನಮ್ಮ ಐಟಿಯವರ ಅಭ್ಯಾಸ. ಇಲ್ಲಿ ಅದು ನಡೆಯಲ್ಲ.

ಜಗತ್ತಿನ ಹತ್ತಾರು ಸಂಸ್ಥೆಗಳು ಒಂದೇ ನಿಯಮದಡಿ ಓಡಿಸಿದ ಮಾಡೆಲ್‌ಗಳ ಸಂಗ್ರಹಕ್ಕೆ ಸಿಎಂಐಪಿ6 ಅಂತ ಹೆಸರು. ಪುಣೆಯ ಐಐಟಿಎಂ ಮಾಡೆಲ್ ಕೂಡ ಅದರಲ್ಲಿದೆ. ಇವುಗಳಿಂದ ನಮಗೆ ಬೇಕಾದ್ದನ್ನು ಆರಿಸೋದು ಹೇಗೆ?

ಮೊದಲು ನಿರ್ಧಾರ, ಆಮೇಲೆ ಮಾಡೆಲ್

ತೊಗರಿ ಬೆಳೆಗೆ ಮಳೆಗಾಲದ ಒಟ್ಟು ಮಳೆ, ನಡುವಿನ ಒಣ ದಿನಗಳು ಮುಖ್ಯ. ಸೇತುವೆಗೆ ಒಂದೆರಡು ದಿನದ ಭಾರಿ ಮಳೆ ಮುಖ್ಯ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆ ಮುಳುಗಿದ್ದು ಘಟ್ಟದ ಮೇಲೆ ಸಾಲಾಗಿ ಹಲವು ದಿನ ಸುರಿದ ಮಳೆಯಿಂದ. ವರ್ಷದ ಸರಾಸರಿಯಲ್ಲಿ ಪಾಸಾದ ಮಾಡೆಲ್ ಇಂಥ ಮಳೆಯಲ್ಲೂ ಪಾಸಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಮಳೆ ಸರಿಯಾದ ಕಾರಣಕ್ಕೆ ಬರುತ್ತಾ?

ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ. ಪುಣೆಯಲ್ಲಿ ಸುಮಾರು 700. ನೇರ ಗೆರೆ ಎಳೆದರೆ ಎರಡರ ನಡುವೆ 100 ಕಿ.ಮೀ. ಕೂಡ ಇಲ್ಲ. ಆದರೆ ಜಾಗತಿಕ ಮಾಡೆಲ್‌ಗಳ ಒಂದು ಚೌಕವೇ ಸುಮಾರು 100 ಕಿ.ಮೀ., ಕೆಲವದರಲ್ಲಿ ಇನ್ನೂ ದೊಡ್ಡದು. ಅಷ್ಟರಲ್ಲಿ ಘಟ್ಟ ಚಪ್ಪಟೆಯಾಗಿಬಿಡುತ್ತೆ. ಅದಕ್ಕೇ ಕಾರ್ಡೆಕ್ಸ್‌ನಂಥ 25–50 ಕಿ.ಮೀ. ಚೌಕದ ಪ್ರಾದೇಶಿಕ ಮಾಡೆಲ್‌ಗಳನ್ನು ಬಳಸ್ತೀವಿ. ಭಾರತೀಯ ಹವಾಮಾನ ಇಲಾಖೆಯ 1901ರಿಂದೀಚಿನ ಮಳೆ ದಾಖಲೆಯ ಜೊತೆ ಅವನ್ನು ಹೋಲಿಸ್ತೀವಿ.

ಅಂಕಿ ತಾಳೆಯಾದರೆ ಸಾಲದು. ಎಷ್ಟೋ ಮಾಡೆಲ್‌ಗಳಲ್ಲಿ ಮುಂಗಾರಿಗೆ ಮುಂಚೆ ಅರಬ್ಬಿ ಸಮುದ್ರ ನಿಜಕ್ಕಿಂತ ತಣ್ಣಗಿರುತ್ತೆ. ಹಾಗಾಗಿ ಆವಿ ಕಡಿಮೆ, ನಮ್ಮ ನೆಲಕ್ಕೆ ಮಳೆಯೂ ಕಡಿಮೆ. ಲೆಕ್ಕದಿಂದ ಆ ಮಳೆಯನ್ನು ಹೆಚ್ಚಿಸಿ ದಾಖಲೆಗೆ ಹೊಂದಿಸಬಹುದು, ಸಮುದ್ರ ಮಾತ್ರ ತಣ್ಣಗೇ ಉಳಿಯುತ್ತೆ. ಔಟ್‌ಪುಟ್‌ಗೆ ಪ್ಯಾಚ್ ಹಾಕಿದ್ರೆ ಒಳಗಿನ ಬಗ್ ಹೋಗಲ್ಲ ಅಲ್ವಾ?

ಹೆಸರಲ್ಲ, ಮನೆತನ ಎಣಿಸಿ

ನಾರ್ವೆಯ ನಾರ್‌ಇಎಸ್‌ಎಂ ಬಹುಪಾಲು ಅಮೆರಿಕದ ಸಿಇಎಸ್‌ಎಂ ಕೋಡ್ ಮೇಲೆಯೇ ನಿಂತಿದೆ. ಐಐಟಿಎಂ ಮಾಡೆಲ್‌ನ ಮೂಲವೂ ಅಮೆರಿಕದ ಸಿಎಫ್‌ಎಸ್‌ವಿ2. ಇದರಲ್ಲಿ ತಪ್ಪೇನಿಲ್ಲ. ಆದರೆ ಒಂದೇ ಮನೆಯ ಐದು ಜನ ಒಂದೇ ಮಾತು ಹೇಳಿದರೆ ಅದು ಐದು ಸಾಕ್ಷಿ ಆಗಲ್ಲ.

ಉಳಿದವರಲ್ಲಿ ಜಗಳ ಇರಲಿ

ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿ ಕೊನೆಗೆ 2.5ರಿಂದ 4 ಡಿಗ್ರಿ ಬಿಸಿಯಾಗುವ ಸಂಭವ ಹೆಚ್ಚು ಅಂತ ಐಪಿಸಿಸಿಯ 2021ರ ವರದಿ ಹೇಳಿತು. ಕೆನಡಾದ ಕ್ಯಾನ್‌ಇಎಸ್‌ಎಂ5ನಂಥ ಕೆಲವು ಮಾಡೆಲ್‌ಗಳು 5 ಡಿಗ್ರಿ ದಾಟ್ತವೆ. ಇವನ್ನು ಸುಮ್ಮನೆ ಸರಾಸರಿಗೆ ಸೇರಿಸಿದರೆ ಲೆಕ್ಕ ವಾಲುತ್ತೆ. "2050ಕ್ಕೆ ಏನು" ಅನ್ನೋದರ ಬದಲು "ಭೂಮಿ 2 ಡಿಗ್ರಿ ಬಿಸಿಯಾದಾಗ ಏನು" ಅಂತ ಕೇಳೋದು ಇದಕ್ಕೊಂದು ದಾರಿ.

ಹಾಗಂತ ಎಲ್ಲರೂ ಒಪ್ಪುವವರೆಗೆ ಸೋಸಬೇಡಿ. ಒಂದು ಮಾಡೆಲ್ ಮಳೆ ಶೇ. 20 ಹೆಚ್ಚು ಅಂದು, ಇನ್ನೊಂದು ಶೇ. 10 ಕಡಿಮೆ ಅಂದರೆ, ಸರಾಸರಿ ಶೇ. 5 ಹೆಚ್ಚು. ಆ ಮಾತನ್ನು ಇಬ್ಬರೂ ಹೇಳಲೇ ಇಲ್ಲ! ಅಣೆಕಟ್ಟು ಎರಡಕ್ಕೂ ತಯಾರಿರಬೇಕು.

ನಮಗ್ಯಾಕೆ ಇದು?

ಆಲಮಟ್ಟಿಯ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವ ವಿಚಾರ ನಿಮಗೆ ಗೊತ್ತೇ ಇದೆ. ನಮ್ಮ ಕಡೆಯವರಿಗೆ ಅದು ನೀರಾವರಿ, ಮುಳುಗಡೆಯ ಊರುಗಳಿಗೆ ಮನೆ-ಹೊಲದ ಪ್ರಶ್ನೆ, ಸಾಂಗ್ಲಿ-ಕೊಲ್ಹಾಪುರದವರಿಗೆ ಪ್ರವಾಹದ ಭಯ. ಪುಣೆಯಲ್ಲಿರೋ ನಾವಂತೂ ಎರಡೂ ಕಡೆಯ ಮಾತು ಕೇಳ್ತೀವಿ. ಹತ್ತಾರು ಮಾಡೆಲ್‌ಗಳಿರುವಾಗ ಯಾರಿಗೆ ಬೇಕಾದರೂ ತಮಗೆ ಹಿಡಿಸುವ ಒಂದು ಸಿಕ್ಕೇ ಸಿಗುತ್ತೆ. ಆದ್ದರಿಂದ ಯಾವ ಮಾಡೆಲನ್ನು ಯಾಕೆ ಬಿಡ್ತೀವಿ ಅನ್ನೋ ನಿಯಮವನ್ನು ಭವಿಷ್ಯದ ಅಂಕಿ ನೋಡುವ ಮೊದಲೇ ಬರೆದಿಡಬೇಕು. ಆಮೇಲೆ ಬರೆದರೆ ತೀರ್ಪು ಕೊಟ್ಟು ಸಾಕ್ಷಿ ಹುಡುಕಿದ ಹಾಗೆ.

ಇನ್ಮೇಲೆ ಇಂಥ ವರದಿ ಕೈಗೆ ಬಂದರೆ ಮೂರು ವಿಷಯ ಹುಡುಕಿ: ಎಷ್ಟು ಮಾಡೆಲ್, ಎಷ್ಟು ಮನೆತನ? ಯಾವುದನ್ನು ಯಾಕೆ ಬಿಟ್ಟರು? ಸರಾಸರಿಯ ಜೊತೆ ಎರಡೂ ತುದಿಯ ಅಂಕಿ ಕೊಟ್ಟಿದ್ದಾರಾ? ಉತ್ತರ ಸಿಗದಿದ್ದರೆ ಕಮೆಂಟಲ್ಲಿ ಹಾಕಿ, ಒಟ್ಟಿಗೆ ಓದೋಣ.