ಕೂಸನ್ನು ಯಾರ ವಶಕ್ಕೆ ಒಪ್ಪಿಸಬೇಕು?

ದಾವಣಗೆರೆ ಸೀಮೆಯ ರೈತನು ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ಹಲ್ಲೆಣಿಸದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸದೆ ಹಣ ಬಿಚ್ಚುವುದಿಲ್ಲ. ಪೇಟೆಯ ವರ್ತಕನು ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿಯೇ ಬೆಲೆ ಕಟ್ಟುತ್ತಾನೆ. ಇಷ್ಟು ವಿವೇಕವುಳ್ಳ ನಮ್ಮ ಜನರು ಎರಡು ಮೂರು ವರ್ಷದ ಕೂಸನ್ನು ದಿನದ ಬಹುಭಾಗ ಪರರ ವಶಕ್ಕೆ ಒಪ್ಪಿಸುವಾಗ ಮಾತ್ರ ಬಾಗಿಲ ಮೇಲಿನ ಬಣ್ಣದ ಹಲಗೆಯನ್ನೂ ಶುಲ್ಕದ ಮೊತ್ತವನ್ನೂ ನೋಡಿ ತೃಪ್ತರಾಗುವುದು ಸೋಜಿಗವೇ ಸರಿ.

ಹತ್ತಿಯ ಗಿರಣಿಗಳ ದೆಸೆಯಿಂದ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯು ಇಂದು ಕಾಲೇಜು, ಆಸ್ಪತ್ರೆ, ಕಚೇರಿ, ಅಂಗಡಿಗಳ ಊರಾಗಿದೆ. ಬೇರೆ ಹಳ್ಳಿಯಾಗಿದ್ದ ಆವರಗೆರೆಯು ನಗರದೊಳಕ್ಕೆ ಸೇರಿಹೋಗಿದೆ. ಕೂಸನ್ನು ಅಜ್ಜಿಯ ಮಡಿಲಿನಲ್ಲಿಯೋ, ಬದುವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿಯೋ ಮಲಗಿಸಿ ಹೊಲದಲ್ಲಿ ದುಡಿಯುತ್ತಿದ್ದ ತಾಯಿಯ ಮೊಮ್ಮಗಳು ಈಗ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುತ್ತಾಳೆ. ತಾಯಿಯಾದವಳು ಮನೆಯಲ್ಲಿಯೇ ಇರತಕ್ಕದ್ದೆಂದು ಉಪದೇಶಿಸುವುದು ಸುಲಭ. ಆಕೆಯ ಸಂಪಾದನೆಯಿಂದಲೇ ಒಲೆ ಉರಿಯುವ ಮನೆಗಳಿಗೆ ಆ ಉಪದೇಶದಿಂದ ಫಲವೇನೂ ಇಲ್ಲ. ಆದುದರಿಂದ ಶಿಶುವಿಹಾರವು ಬೇಕೆ ಬೇಡವೆ ಎಂಬ ಚರ್ಚೆ ಮುಗಿದಂತೆಯೇ. ಎಂತಹುದು ಒಳ್ಳೆಯದು ಎಂಬುದೇ ಈಗ ವಿಚಾರಣೀಯವಾದ ವಿಷಯ.

ಮೊದಲು ಎಣಿಸತಕ್ಕದ್ದು ಕೋಣೆಗಳನ್ನಲ್ಲ, ಕೈಗಳನ್ನು. ಕೇಂದ್ರ ಸರ್ಕಾರದವರು 2018ರಲ್ಲಿ ಶಿಶುಪಾಲನಾ ಗೃಹಗಳಿಗೆಂದು ಹೊರಡಿಸಿದ ಸೂಚನೆಗಳ ಪ್ರಕಾರ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ತರಬೇತಾದ ಪಾಲಕಿಯೂ, ಅದಕ್ಕೆ ಮೇಲ್ಪಟ್ಟ ವಯಸ್ಸಿನ ಇಪ್ಪತ್ತು ಮಕ್ಕಳಿಗೆ ಒಬ್ಬಳೂ ಇರಬೇಕು. ಹತ್ತು ಕೂಸುಗಳಲ್ಲಿ ಒಂದು ಅಳುತ್ತಿರುವಾಗ, ಒಂದು ಬಟ್ಟೆ ಒದ್ದೆ ಮಾಡಿಕೊಂಡಿರುವಾಗ, ಮತ್ತೊಂದು ಮಣಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿರುವಾಗ ಒಬ್ಬಳ ಎರಡು ಕೈಗಳು ಎಷ್ಟರಮಟ್ಟಿಗೆ ಸಾಕಾದಾವೆಂಬುದನ್ನು ಯಾವ ತಾಯಿಯಾದರೂ ಬಲ್ಲಳು. ಕೇಳತಕ್ಕ ಪ್ರಶ್ನೆಗಳು ಇನ್ನೆರಡು: ಈ ಪಾಲಕಿ ಎಷ್ಟು ಕಾಲದಿಂದ ಇಲ್ಲಿದ್ದಾಳೆ? ಆಕೆ ಬಾರದ ದಿನ ಯಾರು ನೋಡಿಕೊಳ್ಳುತ್ತಾರೆ? ತಿಂಗಳಿಗೊಂದು ಹೊಸ ಮುಖ ಕಾಣುವ ಮನೆಯಲ್ಲಿ ಎಳೆಯ ಮಗುವಿಗೆ ನೆಚ್ಚಿಕೆ ಹುಟ್ಟಲಾರದು.

ಎರಡನೆಯದಾಗಿ, ಮುಂಬಾಗಿಲ ಅಲಂಕಾರವನ್ನು ಬಿಟ್ಟು ಹಿತ್ತಿಲ ಕಡೆಗೆ ಹೋಗಬೇಕು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಪಾಯಿಖಾನೆಯು ಮಗುವಿನ ಅಳತೆಗೆ ತಕ್ಕಂತೆ ಇದೆಯೆ, ಒಲೆಯು ಮಕ್ಕಳಿರುವ ಕೋಣೆಗೆ ಎಷ್ಟು ದೂರ, ಅವಸರ ಬಿದ್ದರೆ ಹೊರಬೀಳಲು ಮತ್ತೊಂದು ಬಾಗಿಲುಂಟೆ ಎಂಬುದನ್ನು ಕಣ್ಣಾರೆ ನೋಡಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಅಡಿಗೆಯ ಒಲೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಬಲಿಯಾದರು. ಆ ಮಕ್ಕಳ ತಾಯಿತಂದೆಗಳೂ ಒಳ್ಳೆಯ ಶಾಲೆಯೆಂದು ನಂಬಿಯೇ ಕಳುಹಿಸಿದ್ದರು. ನಂಬಿಕೆಯು ಪರೀಕ್ಷೆಯ ಬದಲಿಗೆ ನಿಲ್ಲುವ ವಸ್ತುವಲ್ಲ.

ಮೂರನೆಯದಾಗಿ, ಹೇಳದೆ ಕೇಳದೆ ಹೋದ ತಾಯಿಗೆ ಬಾಗಿಲು ತೆರೆಯುತ್ತದೆಯೆ ಎಂಬುದನ್ನು ನೋಡಬೇಕು. ಗೊತ್ತುಮಾಡಿದ ದಿನವಲ್ಲದೆ ಒಳಗೆ ಬರಕೂಡದೆಂದು ನಿರ್ಬಂಧಿಸುವ ಸ್ಥಳವನ್ನು ಆ ಒಂದು ಕಾರಣದಿಂದಲೇ ತ್ಯಜಿಸಬಹುದು. ಸಂಜೆ ಮಗುವನ್ನು ಯಾರ ಕೈಗೆ ಒಪ್ಪಿಸಬೇಕೆಂದು ಬರೆದಿಟ್ಟುಕೊಂಡಿದ್ದಾರೆಯೆ, ಕರೆತರುವ ಆಟೋದಲ್ಲಿ ಮಕ್ಕಳನ್ನು ಮೂಟೆಗಳಂತೆ ತುಂಬುತ್ತಾರೆಯೆ ಎಂಬುದೂ ಇದರೊಡನೆ ಸೇರಿದ ವಿಚಾರ.

ಇನ್ನು ಪಾಠದ ಮಾತು. ಮೂರು ವರ್ಷದ ಮಗುವಿಗೆ ಇಂಗ್ಲಿಷ್ ಅಕ್ಷರಗಳನ್ನು ತಿದ್ದಿಸುವುದೇ ವಿದ್ಯೆಯೆಂಬ ಭ್ರಾಂತಿ ನಮ್ಮ ಪಟ್ಟಣಗಳಲ್ಲಿ ಬಲವಾಗಿ ಬೇರೂರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ತಳಹದಿಯ ಘಟ್ಟವೆಂದು ಕರೆದು, ಆಟದ ಮೂಲಕವೇ ಕಲಿಕೆ ನಡೆಯಬೇಕೆಂದು ಸ್ಪಷ್ಟವಾಗಿ ಹೇಳಿದೆ. ಮಣ್ಣು, ನೀರು, ಬೀಜ, ಗೊಂಬೆ, ಕಥೆ, ಹಾಡು, ಮತ್ತು ಮನೆಯಲ್ಲಿ ಕೇಳಿದ ಮಾತನ್ನೇ ಅಲ್ಲಿಯೂ ಆಡುವ ಒಬ್ಬ ಹೆಂಗಸು: ಇವಿಷ್ಟು ಇದ್ದಲ್ಲಿ ಮಗುವಿನ ಬುದ್ಧಿ ತಾನಾಗಿ ಚಿಗುರುತ್ತದೆ. ಆ ವಯಸ್ಸಿನ ಮಗುವಿಗೆ ಮನೆಪಾಠ ಬರೆಸಿ ಕಳುಹಿಸುವವರು ತಮ್ಮ ಕೆಲಸವನ್ನರಿತವರಲ್ಲ.

ಕಡೆಯ ಪರೀಕ್ಷಕನು ಮಗುವೇ. ಮೊದಲ ಕೆಲವು ದಿನ ತಾಯಿಯೂ ಜೊತೆಯಲ್ಲಿ ಕುಳಿತು ಬರುವುದಕ್ಕೆ ಒಪ್ಪುವ ಸ್ಥಳವು ಮೇಲು. ಪ್ರಾರಂಭದಲ್ಲಿ ಅಳುವುದು ಸಹಜ. ವಾರಗಳು ಕಳೆದರೂ ಬಾಗಿಲ ಬಳಿ ನಡುಗುವ, ನಿದ್ರೆಯಲ್ಲಿ ಬೆಚ್ಚುವ, ಮೈಮೇಲೆ ಗುರುತು ಹೊತ್ತು ಬರುವ ಮಗುವನ್ನು ಹಟಮಾರಿಯೆಂದು ಗದರಿಸದೆ, ಕಾರಣವನ್ನು ವಿಚಾರಿಸತಕ್ಕದ್ದು.

ಇಷ್ಟರವರೆಗೆ ಹೇಳಿದ್ದು ಆರಿಸಿಕೊಳ್ಳಲು ಶಕ್ತಿಯುಳ್ಳವರ ವಿಷಯ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳೂ, ಗಾರೆ ಹೊರುವವಳೂ, ನಾಲ್ಕು ಮನೆಗಳ ಪಾತ್ರೆ ತೊಳೆಯುವವಳೂ ಏನನ್ನು ಆರಿಸಿಯಾರು? 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗೃಹವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯು ವಿಧಿಸಿತು. 50 ಮತ್ತು ಅದಕ್ಕೆ ಮೇಲ್ಪಟ್ಟು ಕೆಲಸಗಾರರಿರುವ ಸಂಸ್ಥೆಗಳಿಗೆ 2017ರ ತಿದ್ದುಪಡಿಯು ಇದೇ ಹೊಣೆಯನ್ನು ಹೊರಿಸಿ, ತಾಯಿಯು ದಿನಕ್ಕೆ ನಾಲ್ಕು ಬಾರಿ ಕೂಸನ್ನು ನೋಡಿಬರಲು ಹಕ್ಕು ಕೊಟ್ಟಿತು. ಸಣ್ಣ ಭಟ್ಟಿಗೂ, ಸಣ್ಣ ಅಂಗಡಿಗೂ, ಮನೆಗೆಲಸಕ್ಕೂ ಈ ಲೆಕ್ಕಗಳು ಮುಟ್ಟುವುದಿಲ್ಲ. ರಾಜ್ಯ ಸರ್ಕಾರದವರು 2023ರಲ್ಲಿ ಯೋಜಿಸಿದ ಕೂಸಿನ ಮನೆಗಳು ಗ್ರಾಮ ಪಂಚಾಯಿತಿಗಳಿಗೆ ಸಂಬಂಧಪಟ್ಟವು. ನಗರಕ್ಕೆ ಸೇರಿದ ಆವರಗೆರೆಯಂತಹ ಅಂಚಿನ ಊರುಗಳು ಆ ಎಣಿಕೆಗೆ ಹೊರಗಾಗುತ್ತವೆ.

ಆದರೂ ಶಿಶುವಿಹಾರವೆಂಬುದು ಹುಟ್ಟಿದ್ದೇ ಇಂತಹ ಮಕ್ಕಳಿಗಾಗಿ ಎಂಬುದನ್ನು ಮರೆಯಬಾರದು. ಮಾಂಟೆಸೊರಿಯವರು 1907ರಲ್ಲಿ ತಮ್ಮ ಮೊದಲನೆಯ ಮಕ್ಕಳ ಮನೆಯನ್ನು ತೆರೆದದ್ದು ರೋಮಿನ ಕೂಲಿಗಾರರ ಕೇರಿಯಲ್ಲಿ. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಬಡವರ ಮಕ್ಕಳ ನಡುವೆ ಬಾಲವಾಡಿಯನ್ನು ನಡೆಸಿದರು. ಆ ಪರಂಪರೆಯ ಫಲವೇ 1975ರ ಅಕ್ಟೋಬರ್ 2ರಂದು ಪ್ರಾರಂಭವಾದ ಅಂಗನವಾಡಿ. ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಟಪಾಠ ಇವೆಲ್ಲವೂ ಒಂದೇ ಸೂರಿನಡಿ ದೊರೆಯುವ ಸ್ಥಳ ಅದೊಂದೇ. ಅದರ ಕೊರತೆಯೆಂದರೆ ಸಾಮಾನ್ಯವಾಗಿ ದಿನದ ಕೆಲವು ಗಂಟೆಗಳು ಮಾತ್ರ ತೆರೆದಿರುವುದು. ಸಂಜೆಯವರೆಗೆ ದುಡಿಯುವ ತಾಯಿಗೆ ಅದು ಸಾಲದು. ಈ ಕೊರತೆಯನ್ನು ತುಂಬಲೆಂದೇ ಅಂಗನವಾಡಿಗೆ ಶಿಶುಪಾಲನಾ ಗೃಹವನ್ನು ಕೂಡಿಸುವ ಪಾಲ್ನಾ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರದವರು 2022ರಲ್ಲಿ ರೂಪಿಸಿದರು. ಅಂಚಿನ ಬಡಾವಣೆಗಳಿಗೆ ಮೊದಲು ಅದು ತಲುಪುವಂತೆ ನೋಡಿಕೊಳ್ಳುವುದು ಮಹಾನಗರ ಪಾಲಿಕೆಯವರ ಮತ್ತು ಜಿಲ್ಲೆಯ ಅಧಿಕಾರಿಗಳ ಕರ್ತವ್ಯ.

ವಿದ್ಯಾವಂತ ಪೌರರಿಗೂ ನಮ್ಮದೊಂದು ವಿಜ್ಞಾಪನೆಯುಂಟು. ಶುಲ್ಕದ ಶಿಶುವಿಹಾರಕ್ಕೆ ಹಣ ಕಟ್ಟುವ ಮೊದಲು ನಿಮ್ಮ ಬೀದಿಯ ಅಂಗನವಾಡಿಗೆ ಒಂದು ದಿನ ಹೋಗಿಬನ್ನಿ. ಮೇಲೆ ಹೇಳಿದ ಪ್ರಶ್ನೆಗಳನ್ನೇ ಅಲ್ಲಿಯೂ ಕೇಳಿರಿ. ಚೆನ್ನಾಗಿದ್ದರೆ ನಿಮ್ಮ ಮಗುವನ್ನೂ ಅಲ್ಲಿಗೇ ಸೇರಿಸಿರಿ. ನಲ್ಲಿಯಲ್ಲಿ ನೀರಿಲ್ಲದಿದ್ದರೆ, ಮಾಡು ಸೋರುತ್ತಿದ್ದರೆ, ಕಾಗದವೊಂದನ್ನು ಬರೆದು ಸಂಬಂಧಪಟ್ಟ ಅಧಿಕಾರಿಯ ಮೇಜಿನ ಮೇಲಿಡಿರಿ. ಕಾಗದ ಬರೆಯಬಲ್ಲವರೆಲ್ಲ ತಮ್ಮ ಮಕ್ಕಳನ್ನು ಬೇರೆಡೆಗೆ ಕರೆದೊಯ್ದುದರಿಂದಲೇ ಉಳಿದವರ ಮಕ್ಕಳ ಪರವಾಗಿ ಕೇಳುವವರು ಇಲ್ಲದಂತಾಗಿದೆ. ಮುಂದಿನ ವರ್ಷದ ಆಯವ್ಯಯವನ್ನು ಸಿದ್ಧಪಡಿಸುವ ಮುನ್ನ ಪಾಲಿಕೆಯವರು ಈ ವಿಷಯವನ್ನು ಪರಾಮರ್ಶಿಸುವರೆಂದು ನಂಬುತ್ತೇವೆ.