ಒಂಬತ್ತನೆಯ ತರಗತಿಯ ಹೊಸ್ತಿಲು

ಮನೆಯ ಹೆಣ್ಣುಮಗಳು ಏಳನೆಯ ತರಗತಿ ಮುಗಿಸುತ್ತಿದ್ದಾಳೆಂದರೆ ಮೆಲ್ಬರ್ನಿನ ಕನ್ನಡ ಕುಟುಂಬಗಳಲ್ಲಿ ಒಂದು ಹೆಸರು ಕೇಳಿಬರತೊಡಗುತ್ತದೆ. ಯುಗಾದಿಯ ಊಟದ ಪಂಕ್ತಿಯಲ್ಲಿ, ಗಣೇಶನ ಮಂಗಳಾರತಿಗೆ ಕಾದು ನಿಂತ ಹೊತ್ತಿನಲ್ಲಿ, "ಮ್ಯಾಕ್‌ರಾಬ್‌ಗೆ ಬರೆಸುತ್ತೀರಾ?" ಎಂಬ ಪ್ರಶ್ನೆ. ದೂರದ ಊರುಗಳಿಂದ ಈ ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳಿಗೆ ಆ ಹೆಸರು ಅಪರಿಚಿತವಾಗಿರಬಹುದು. ಮ್ಯಾಕ್‌ರಾಬರ್ಟ್‌ಸನ್ ಗರ್ಲ್ಸ್ ಹೈಸ್ಕೂಲ್ ವಿಕ್ಟೋರಿಯಾ ರಾಜ್ಯದ ಸರ್ಕಾರಿ ಬಾಲಕಿಯರ ಪ್ರೌಢಶಾಲೆ. ಅಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಮಾತ್ರ ಪಾಠ, ಪ್ರವೇಶಕ್ಕೆ ಪರೀಕ್ಷೆಯುಂಟು. ನನ್ನ ಇಬ್ಬರು ಹೆಣ್ಣುಮಕ್ಕಳೂ ಆ ಪರೀಕ್ಷೆಗೆ ಕುಳಿತವರು. ಹಿರಿಯವಳು 2011ರಲ್ಲಿ, ಕಿರಿಯವಳು 2015ರಲ್ಲಿ. ಒಬ್ಬಳಿಗೆ ಸ್ಥಾನ ದೊರೆಯಿತು, ಇನ್ನೊಬ್ಬಳಿಗೆ ದೊರೆಯಲಿಲ್ಲ. ಎರಡನ್ನೂ ಒಂದೇ ಸೂರಿನಡಿ ಕಂಡವಳಾದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನಂಥ ಕಲಾ ಪದವೀಧರೆಗೆ ಪರೀಕ್ಷೆಗಿಂತ ಶಾಲೆಯ ಚರಿತ್ರೆಯೇ ಹೆಚ್ಚು ರುಚಿಸಿತು. 1905ರಲ್ಲಿ ಶಿಕ್ಷಣ ನಿರ್ದೇಶಕರಾಗಿದ್ದ ಫ್ರಾಂಕ್ ಟೇಟ್ ಅವರ ಪ್ರಯತ್ನದಿಂದ ನಗರದ ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಮೆಲ್ಬರ್ನ್ ಕಂಟಿನ್ಯೂಯೇಷನ್ ಸ್ಕೂಲ್ ಆರಂಭವಾಯಿತು. ವಿಕ್ಟೋರಿಯಾದ ಮೊದಲ ಸರ್ಕಾರಿ ಪ್ರೌಢಶಾಲೆ ಅದೇ. ಅದಕ್ಕೆ ಮುಂಚೆ ಪ್ರೌಢಶಿಕ್ಷಣವೆಂಬುದು ಶುಲ್ಕ ತೆರಬಲ್ಲವರ ಸ್ವತ್ತಾಗಿತ್ತು. ಮೊದಮೊದಲು ಹುಡುಗರೂ ಹುಡುಗಿಯರೂ ಅಲ್ಲಿ ಒಟ್ಟಿಗೆ ಕಲಿಯುತ್ತಿದ್ದರು. 1927ರಲ್ಲಿ ಹುಡುಗರು ಸೌತ್ ಯಾರಾದ ಹೊಸ ಕಟ್ಟಡಕ್ಕೆ ಹೋದರು. ಹುಡುಗಿಯರು ಹಳೆಯ ಕಟ್ಟಡದಲ್ಲಿಯೇ ಉಳಿದರು. (ಹೊಸದು ಯಾರಿಗೆ, ಹಳೆಯದು ಯಾರಿಗೆ ಎಂಬ ವಿಷಯದಲ್ಲಿ ಎಲ್ಲ ದೇಶಗಳ ರೀತಿಯೂ ಒಂದೇ ಎಂದು ತೋರುತ್ತದೆ.)

ಅವರಿಗೆ ಸ್ವಂತ ಕಟ್ಟಡ ದೊರೆತದ್ದು ಒಬ್ಬ ಮಿಠಾಯಿ ತಯಾರಕರ ಕೃಪೆಯಿಂದ. ಸರ್ ಮ್ಯಾಕ್‌ಫರ್ಸನ್ ರಾಬರ್ಟ್‌ಸನ್ 1880ರಲ್ಲಿ ಫಿಟ್ಜ್‌ರಾಯ್ ಬಡಾವಣೆಯ ಮನೆಯ ಬಚ್ಚಲಿನಲ್ಲಿ ಮಿಠಾಯಿ ಕಾಸಲು ತೊಡಗಿದವರು. ಇಲ್ಲಿಯ ಮಕ್ಕಳು ಇಂದಿಗೂ ಆಸೆಪಡುವ ಫ್ರೆಡ್ಡೋ ಫ್ರಾಗ್, ಚೆರ್ರಿ ರೈಪ್ ಚಾಕೊಲೇಟುಗಳು ಅವರ ಕಾರ್ಖಾನೆಯಲ್ಲಿಯೇ ಹುಟ್ಟಿದುವು. ವಿಕ್ಟೋರಿಯಾದ ಶತಮಾನೋತ್ಸವಕ್ಕೆಂದು ಅವರು ನೀಡಿದ 1 ಲಕ್ಷ ಪೌಂಡುಗಳಲ್ಲಿ 40,000 ಪೌಂಡುಗಳು ಈ ಶಾಲೆಗೆ ಸಂದುವು. ಯುವ ವಾಸ್ತುಶಿಲ್ಪಿ ನಾರ್ಮನ್ ಸೀಬ್ರೂಕ್ ಅವರು ರೂಪಿಸಿದ ಇಟ್ಟಿಗೆಯ ಕಟ್ಟಡ, ಅದರ ಗಡಿಯಾರದ ಗೋಪುರ, 1934ರಿಂದ ಕಿಂಗ್ಸ್ ವೇ ರಸ್ತೆಯ ಪಕ್ಕದಲ್ಲಿ ನಿಂತಿವೆ. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಓದಿದವಳು ನಾನು. ಆ ಸಂಸ್ಥೆಯೂ 1881ರಲ್ಲಿ ಬಾಲಕಿಯರ ಶಾಲೆಯಾಗಿ ಮೊದಲಾದದ್ದು. ಆದುದರಿಂದ ಈ ಗೋಪುರವನ್ನು ಮೊದಲ ಸಲ ಕಂಡಾಗ ತವರಿನವರೊಬ್ಬರು ಸಿಕ್ಕಂತೆ ಸಂತೋಷವಾಯಿತು.

ಇನ್ನು ಪ್ರವೇಶದ ಕ್ರಮ. ಮಗು ಎಂಟನೆಯ ತರಗತಿಯಲ್ಲಿರುವಾಗ ಅರ್ಜಿ ಸಲ್ಲಿಸಬೇಕು. ಜೂನ್ ತಿಂಗಳಿನಲ್ಲಿ ಪರೀಕ್ಷೆ. ಮುಂದಿನ ವರ್ಷದ ಆರಂಭದಲ್ಲಿ ಒಂಬತ್ತನೆಯ ತರಗತಿಗೆ ಸೇರ್ಪಡೆ. ಇಂಥ ಸರ್ಕಾರಿ ಶಾಲೆಗಳು ನಾಲ್ಕಿದ್ದು, ನಾಲ್ಕಕ್ಕೂ ಪರೀಕ್ಷೆ ಒಂದೇ. ಹುಡುಗರಿಗೆ ಮೆಲ್ಬರ್ನ್ ಹೈಸ್ಕೂಲ್, ಹುಡುಗಿಯರಿಗೆ ಮ್ಯಾಕ್‌ರಾಬ್. 2010ರಲ್ಲಿ ಬೆರಿಕ್‌ನಲ್ಲಿ ಆರಂಭವಾದ ನೊಸ್ಸಲ್, 2011ರಲ್ಲಿ ವೆರಿಬಿಯಲ್ಲಿ ಆರಂಭವಾದ ಸೂಸನ್ ಕೋರಿ ಶಾಲೆಗಳಲ್ಲಿ ಇಬ್ಬರಿಗೂ ಪ್ರವೇಶವಿದೆ. ತಮಗೆ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಅರ್ಜಿಯಲ್ಲಿಯೇ ತಿಳಿಸಬೇಕು. ಓದಿ ಗ್ರಹಿಸುವ ಶಕ್ತಿ, ಗಣಿತ, ಭಾಷೆಯ ಮತ್ತು ಸಂಖ್ಯೆಗಳ ತರ್ಕ, ಇವುಗಳ ಜೊತೆಗೆ ಬರವಣಿಗೆ. ಪಾಠಪುಸ್ತಕವನ್ನು ಉರುಹೊಡೆದು ಗೆಲ್ಲುವ ಪರೀಕ್ಷೆಯಲ್ಲ. ಗಡಿಯಾರದೊಡನೆ ಓಡಬೇಕಾದ ಪರೀಕ್ಷೆ.

ನಮ್ಮಲ್ಲಿ ಅನೇಕರು ಗಮನಿಸದ ನಿಯಮವೊಂದಿದೆ. ಯಾವುದೇ ಒಂದು ಶಾಲೆಯ ಎಂಟನೆಯ ತರಗತಿಯಿಂದ ಇಂತಿಷ್ಟು ಮಕ್ಕಳಿಗಿಂತ ಹೆಚ್ಚಿನವರನ್ನು ಈ ಶಾಲೆಗಳು ಸೆಳೆದುಕೊಳ್ಳುವಂತಿಲ್ಲ. ಈಗಿರುವ ಮಿತಿ ನೂರಕ್ಕೆ ಐದು. ಇನ್ನೂರು ಮಕ್ಕಳಿರುವ ಕಡೆ ಹತ್ತೇ ಮಂದಿ. ಹಿಂದುಳಿದವರಿಗೆಂದು ಬೇರೆಯಾಗಿಟ್ಟ ಸ್ಥಾನಗಳಿಗೆ ಹಾಗೂ ಪ್ರಾಂಶುಪಾಲರ ವಿವೇಚನೆಗೆ ಬಿಟ್ಟ ಸ್ಥಾನಗಳಿಗೆ ಮಾತ್ರ ಈ ಕಟ್ಟು ಇಲ್ಲ. ಊರಿನ ಸಾಮಾನ್ಯ ಶಾಲೆಗಳು ತಮ್ಮ ಒಳ್ಳೆಯ ವಿದ್ಯಾರ್ಥಿಗಳನ್ನೆಲ್ಲ ಕಳೆದುಕೊಂಡು ಬರಿದಾಗಬಾರದೆಂಬುದು ಇದರ ಉದ್ದೇಶ. ನನ್ನ ಮಟ್ಟಿಗೆ ಅದು ನ್ಯಾಯವಾದುದೇ. ಆದರೆ ಪರಿಣಾಮವನ್ನು ಯೋಚಿಸಿ. ಓದಿಗೆ ಹೆಸರಾದ ಶಾಲೆಯ ಸಮೀಪವೇ ಮನೆಯಾಗಬೇಕೆಂದು ನಮ್ಮವರು ಸಾಲ ಮಾಡಿ ಮನೆ ಕೊಳ್ಳುತ್ತಾರೆ. ಅಲ್ಲಿಗೆ ಅದೇ ಆಸೆಯಿಂದ ಬಂದ ಚೀನೀಯರು, ಶ್ರೀಲಂಕಾದವರು, ವಿಯೆಟ್ನಾಮಿನವರು, ನಮ್ಮದೇ ತೆಲುಗು ತಮಿಳು ಬಂಧುಗಳು. ಆಗ ಹುಡುಗಿಯ ಸ್ಪರ್ಧೆ ರಾಜ್ಯದೊಡನೆ ಅಲ್ಲ, ಪಕ್ಕದ ಡೆಸ್ಕಿನ ಗೆಳತಿಯೊಡನೆ. ಅಲ್ಲಿ ಹಿಂದೆ ಬಿದ್ದವಳು ಬೇರೊಂದು ಬಡಾವಣೆಯ ಶಾಲೆಯಲ್ಲಿದ್ದಿದ್ದರೆ ಅದೇ ಉತ್ತರಗಳಿಂದ ಒಳಗೆ ಹೋಗುತ್ತಿದ್ದಳೇನೋ. ಇದನ್ನು ಅರಿಯದೆ "ನಿಮ್ಮ ಹುಡುಗಿಗೆ ಯಾಕೆ ಆಗಲಿಲ್ಲ?" ಎಂದು ಕೇಳುವುದು ಸುಲಭ.

ಹಿರಿಯವಳಿಗೆ ಪತ್ರ ಬಂದ ದಿನ ನಮ್ಮ ಯಜಮಾನರು ಮೈಸೂರಿಗೆ, ಹಾಸನಕ್ಕೆ, ಎಲ್ಲ ಕಡೆಗೂ ಫೋನ್ ಮಾಡಿದರು. ನಾನು ಹಯಗ್ರೀವ ಮಾಡಿದೆ. ಸಂಭ್ರಮದ ನಡುವೆ ಆ ಹುಡುಗಿ ಮಾತ್ರ ಮೌನವಾಗಿದ್ದಳು. ಏಳನೆಯ ತರಗತಿಯಿಂದ ಜೊತೆಗಿದ್ದ ಗೆಳತಿಯರನ್ನು ಎರಡೇ ವರ್ಷಕ್ಕೆ ಬಿಟ್ಟು, ಯಾರೂ ಗುರುತಿಲ್ಲದ ಕಡೆ ಹೋಗಬೇಕಲ್ಲ. ಆಗ ಆಕೆಗೆ ಹದಿನಾಲ್ಕು ವರ್ಷ. ಮೊದಲ ಅವಧಿಯುದ್ದಕ್ಕೂ ರೈಲು, ಟ್ರಾಮ್ ಸೇರಿ ದಿನಕ್ಕೆ ಎರಡೂವರೆ ಗಂಟೆ ಪ್ರಯಾಣ ಮಾಡಿ ಬಂದು ಊಟ ಮಾಡದೆ ಮಲಗುತ್ತಿದ್ದಳು. ಹಿಂದಿನ ಶಾಲೆಯಲ್ಲಿ ಮೊದಲಿಗಳಾಗಿದ್ದವಳು ಇಲ್ಲಿ ಮೂವತ್ತನೆಯವಳು. ಏಕೆಂದರೆ ಬಂದವರೆಲ್ಲ ಎಲ್ಲೋ ಮೊದಲಿಗರಾಗಿದ್ದವರೇ. ಎರಡನೆಯ ವರ್ಷದಲ್ಲಿ ಚರ್ಚಾಸ್ಪರ್ಧೆಗೆ ಸೇರಿದಳು. ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ಎದ್ದು ನಿಂತು ವಾದಿಸುವುದನ್ನು ಕಂಡು ನಮಗೇ ಆಶ್ಚರ್ಯ. ಹುಡುಗರಿಲ್ಲದ ಶಾಲೆಯಲ್ಲಿ ನಾಯಕತ್ವವೆಲ್ಲ ಹುಡುಗಿಯರ ಪಾಲಿಗೇ ಬರುತ್ತದೆಂಬ ಮಾತನ್ನು ಅಂದಿನಿಂದ ನಾನು ಲಘುವಾಗಿ ಎಣಿಸುವುದಿಲ್ಲ.

ನಾಲ್ಕು ವರ್ಷಗಳ ಅನಂತರ ಕಿರಿಯವಳ ಸರದಿ ಬಂದಾಗ ಅಕ್ಕನ ಬ್ಲೇಜರ್ ಇನ್ನೂ ಬಾಗಿಲ ಹಿಂದಿನ ಗೂಟದಲ್ಲಿತ್ತು. ಅದು ಆಕೆಗೇ ಆಗುತ್ತದೆಂದು ಎಲ್ಲರೂ ಭಾವಿಸಿದ್ದೆವು. ಫಲಿತಾಂಶದಲ್ಲಿ ಸ್ಥಾನ ಇರಲಿಲ್ಲ. ಅವಳದೇ ತರಗತಿಯ ಇನ್ನೊಬ್ಬ ಕನ್ನಡದ ಹುಡುಗಿಗೆ ಸಿಕ್ಕಿತ್ತು. ಆ ತಾಯಿ ನನ್ನ ಆಪ್ತೆ. ಸುದ್ದಿ ಹೇಳಲು ಆಕೆಗೆ ಸಂಕೋಚ, ಕೇಳಲು ನನಗೆ ಸಂಕೋಚ. ಹೀಗೆ ಮೂರು ವಾರ ನಾವು ಒಬ್ಬರಿಗೊಬ್ಬರು ಫೋನ್ ಮಾಡಲಿಲ್ಲ. ಸಮಸ್ಯೆ ಬಗೆಹರಿಸಿದವಳು ನನ್ನ ಮಗಳೇ. ದೀಪಾವಳಿಯ ಸಮಾರಂಭದಲ್ಲಿ ಹಿರಿಯರೊಬ್ಬರು ಎಂದಿನ ಪ್ರಶ್ನೆ ಕೇಳಿದಾಗ, "ಬರೆದೆ ಆಂಟಿ, ಸಿಗಲಿಲ್ಲ. ಇವಳಿಗೆ ಸಿಕ್ಕಿತು," ಎಂದು ಗೆಳತಿಯನ್ನು ಮುಂದಕ್ಕೆ ತಳ್ಳಿ, ತಟ್ಟೆ ಹಿಡಿದು ಪಲ್ಯದ ಕಡೆಗೆ ನಡೆದಳು. ಅಂದು ರಾತ್ರಿ ಮನೆಗೆ ಬಂದು ಅತ್ತದ್ದು ನನಗೂ ಆಕೆಯ ಅಕ್ಕನಿಗೂ ಮಾತ್ರ ಗೊತ್ತು. ಮರುದಿನ ಅಕ್ಕ ಯಾರಿಗೂ ಹೇಳದೆ ಬ್ಲೇಜರನ್ನು ತೆಗೆದು ಬೀರುವಿನಲ್ಲಿಟ್ಟಳು.

ತರಬೇತಿ ತರಗತಿಗಳ ಬಗೆಗೂ ಒಂದು ಮಾತು. ಕೆಲವು ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಭಯ ಹೋಗಲು ಅವು ಸಹಾಯಕ. ಆದರೆ ಐದನೆಯ ತರಗತಿಯಿಂದಲೇ ವಾರಾಂತ್ಯಗಳನ್ನು ಅದಕ್ಕೆ ಒಪ್ಪಿಸುವುದನ್ನು ನಾನು ಒಪ್ಪಲಾರೆ. ನಮ್ಮ ಬಡಾವಣೆಯಲ್ಲಿ ಅದೂ ಶನಿವಾರ, ಕನ್ನಡ ತರಗತಿಯೂ ಶನಿವಾರ. ವರ್ಣಮಾಲೆ ಕಲಿಯುವ ಪುಟ್ಟ ಮಕ್ಕಳು ತುಂಬಿರುತ್ತಾರೆ. ಒತ್ತಕ್ಷರ ಮುಗಿದು ವಾಕ್ಯ ಓದುವ ಹೊತ್ತಿಗೆ ಬೆಂಚುಗಳು ಖಾಲಿ. ಹಿರಿಯವಳೂ ಅಲ್ಲಿಗೇ ಕನ್ನಡ ತರಗತಿ ಬಿಟ್ಟಳು. ಮ್ಯಾಕ್‌ರಾಬ್‌ನ ಓದಿನ ಭಾರದಲ್ಲಿ ಮತ್ತೆ ಹೋಗಲು ಬಿಡುವಾಗಲಿಲ್ಲ.

ಕಿರಿಯವಳು ಊರಿನ ಶಾಲೆಯಲ್ಲಿಯೇ ಉಳಿದು ಹನ್ನೆರಡನೆಯ ತರಗತಿ ಮುಗಿಸಿದಳು. ಫಲಿತಾಂಶ ಬಂದ ಮುಂದಿನ ಶನಿವಾರವೇ ತಾನಾಗಿ ಕನ್ನಡ ತರಗತಿಗೆ ಮರಳಿದ್ದಳು, ತನಗಿಂತ ನಾಲ್ಕು ವರ್ಷ ಚಿಕ್ಕವರ ನಡುವೆ ಕುಳಿತು. ಮೈಸೂರಿನಿಂದ ನನ್ನ ತಾಯಿ ಬರೆಯುವ ಕಾಗದಗಳನ್ನು ಈಗಲೂ ಅಕ್ಕನಿಗೆ ಅವಳೇ ಓದಿ ಹೇಳುತ್ತಾಳೆ.