ಹೊಸ ಜೋಡು ಕಚ್ಚುವುದೇಕೆ?

ಗುಡೂರು, ಇಳಕಲ್ ಕಡೆ ಮದುವೆಗೆಂದು ಹೊಸ ತೊಗಲಿನ ಜೋಡು ಮೆಟ್ಟಿಕೊಂಡು ಬಂದ ಬೀಗರು ಅಕ್ಕಿಕಾಳು ಬೀಳುವ ಹೊತ್ತಿಗೆ ಕುಂಟತೊಡಗಿರುತ್ತಾರೆ. ‘ಜೋಡು ಕಡದಾವು’ ಎಂದರೆ ‘ಎಣ್ಣಿ ಹಚ್ಚೋ ಮಾರಾಯಾ’ ಎಂಬ ಉತ್ತರ ಸಿದ್ಧ. ಯಾವ ಎಣ್ಣೆ, ಎಷ್ಟು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಹಸಿಯಾಗಿ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಬಿರುಸಾಗುತ್ತದೆ. ಡೊಳ್ಳಿಗೆ ಅದೇ ಬೇಕು, ಕಾಲಿಗಲ್ಲ. ಇವೆರಡನ್ನೂ ತಪ್ಪಿಸುವುದೇ ಹದ ಮಾಡುವ ಕೆಲಸ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಯ ಒಗರು ನೀರಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಆ ಒಗರಿನ ಮೂಲವಾದ ಟ್ಯಾನಿನ್ ನಾರುಗಳ ಸಂದಿಗೆ ಇಳಿದು ಕೊಲಾಜೆನ್ನನ್ನು ಹಿಡಿದುಕೊಳ್ಳುತ್ತದೆ. ಅಳಲೆಕಾಯಿ ಕಚ್ಚಿದಾಗ ಬಾಯಿ ಬಿಗಿಯುವುದೂ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟುವುದರಿಂದಲೇ. ಕಾರ್ಖಾನೆಯಲ್ಲಿ ಕ್ರೋಮಿಯಂ ಲವಣ ಇದೇ ಕೆಲಸವನ್ನು ಹೆಚ್ಚುಕಡಿಮೆ ಒಂದು ದಿನದಲ್ಲಿ ಮುಗಿಸುತ್ತದೆ. ಆ ತೊಗಲು ಮೊದಲಿಂದಲೇ ಮೆತ್ತಗೆ. ಆದರೆ ಕಾಲಿನ ಆಕಾರಕ್ಕೆ ಹೊಂದಿ ಹಾಗೇ ನಿಲ್ಲುವ ಗುಣ ತೊಗಟೆಯ ಹದಕ್ಕೇ ಹೆಚ್ಚು.

ಕೊಲ್ಹಾಪುರಿ ಚಪ್ಪಲಿ ಈ ಹದದ್ದು. ಹೆಸರು ಮಹಾರಾಷ್ಟ್ರದ್ದಾದರೂ ಅದರ ಭೌಗೋಳಿಕ ಸೂಚಿಕೆಯಲ್ಲಿ ಬೆಳಗಾವಿ, ಧಾರವಾಡ, ವಿಜಯಪುರದ ಜೊತೆ ನಮ್ಮ ಬಾಗಲಕೋಟೆಯೂ ಇದೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದೇ ಚಪ್ಪಲಿ ಮೆರೆಸಿ, ಮೂಲದ ಹೆಸರೆತ್ತದೆ ಬೈಸಿಕೊಂಡಿತಲ್ಲ, ಆ ಗದ್ದಲದಲ್ಲೂ ಈ ಚಪ್ಪಲಿ ಹೊಲಿಯುವ ಬೆಳಗಾವಿ ಜಿಲ್ಲೆಯ ಅಥಣಿಯ ಹೆಸರು ಕಿವಿಗೆ ಬಿದ್ದದ್ದು ಕಡಿಮೆಯೇ.

ಕೊಳ್ಳುವಾಗ ಮೆರುಗಿಗೆ ಮರುಳಾಗದೆ ಅಂಚು ನೋಡಿ. ಅಟ್ಟೆಯನ್ನು ಕತ್ತರಿಸಿದ ಕಡೆ ಮೇಲಿಂದ ಕೆಳಗಿನವರೆಗೂ ಕಂದು ಬಣ್ಣವಿದ್ದರೆ ಟ್ಯಾನಿನ್ ಪೂರ್ತಿ ಇಳಿದಿದೆ. ನಡುವೆ ನೀಲಿ ಮಿಶ್ರಿತ ಬೂದು ಗೆರೆ ಕಂಡರೆ ಅದು ಕ್ರೋಮ್. ನಡುವೆ ಬಿಳಿಚಿಕೊಂಡು ಗಡುಸಾಗಿದ್ದರೆ ಹದ ಅರ್ಧಕ್ಕೇ ನಿಂತಿದೆ. ಪಟ್ಟಿಯನ್ನು ಬಾಗಿಸಿದಾಗ ನವಿರಾದ ಸುಕ್ಕು ಮೂಡಿ, ಬಿಟ್ಟೊಡನೆ ಬಹುತೇಕ ಮಾಯವಾಗಬೇಕು. ಬಣ್ಣ ಸಿಪ್ಪೆಯಾಗಿ ಏಳುವಂತಿದ್ದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ. ಕಬ್ಬಿಣದ ಮೊಳೆಯೂ ಬೇಡ. ನೀರು ತಾಗಿದಾಗ ಕಬ್ಬಿಣ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತದೆ, ಹಿಂದಿನ ಕಾಲದ ಶಾಯಿ ತಯಾರಾಗುತ್ತಿದ್ದುದೂ ಹೀಗೆಯೇ. ಮೊಳೆಯ ಸುತ್ತ ತೊಗಲು ಬರಬರುತ್ತ ಲಡ್ಡಾಗುತ್ತದೆ. ತೊಗಲಿನ ದಾರದಲ್ಲೇ ಹೊಲಿದದ್ದಕ್ಕೆ ಆ ಕಾಟವಿಲ್ಲ.

ಇನ್ನು ಕಚ್ಚುವ ವಿಷಯ. ಹೊಸ ತೊಗಲಿನ ನಾರುಗಳು ಸಲೀಸಾಗಿ ಜಾರುವುದಿಲ್ಲ, ಹಾಗಾಗಿ ಪಟ್ಟಿ ಬಾಗುವ ಬದಲು ಕಾಲನ್ನೇ ಉಜ್ಜುತ್ತದೆ. ಅಮೆರಿಕದ ಬೇಸ್‌ಬಾಲ್ ಆಟಗಾರರಿಗೂ ಇದೇ ಗೋಳು. ಹೊಸ ಗ್ಲೌಸಿಗೆ ಚೂರು ಎಣ್ಣೆ ಸವರಿ, ಒಳಗೆ ಚೆಂಡಿಟ್ಟು ಬಿಗಿದು ಕಟ್ಟಿ, ದಿನವೂ ಚೆಂಡು ಹಿಡಿದು ಹಿಡಿದು ಅದನ್ನು ಪಳಗಿಸುತ್ತಾರೆ. ಮಡಿಸಿದಂತೆಲ್ಲ ನಾರುಗಳು ಬಿಡಿಬಿಡಿಯಾಗುತ್ತವೆ, ಎಣ್ಣೆ ಅವು ಮತ್ತೆ ಅಂಟದಂತೆ ನೋಡಿಕೊಳ್ಳುತ್ತದೆ. ಜೋಡನ್ನೂ ಮೊದಲು ಮನೆಯಲ್ಲಿ ದಿನಕ್ಕಿಷ್ಟು ಹೊತ್ತು ಮೆಟ್ಟಿ ಓಡಾಡಿ. ಮದುವೆಯ ದಿನವೇ ಹೊಸ ಜೋಡು ತೆಗೆದವರ ಮೇಲೆ ನನಗಂತೂ ಕನಿಕರವಿಲ್ಲ.

ಎಣ್ಣೆಯ ಆಯ್ಕೆಯಲ್ಲೇ ನಮ್ಮವರು ಎಡವುವುದು. ಅಡುಗೆಮನೆಯ ಕುಸುಬಿ ಎಣ್ಣೆಯಲ್ಲಿ ಸಾಮಾನ್ಯವಾಗಿ ಲಿನೋಲಿಯಿಕ್ ಆಮ್ಲ ಹೇರಳ. ಅದು ಗಾಳಿಯ ಆಮ್ಲಜನಕ ಹೀರಿ ಮೊದಲು ಅಂಟಂಟಾಗಿ, ಆಮೇಲೆ ಗಟ್ಟಿಯಾಗುತ್ತದೆ. ಬಣ್ಣ, ವಾರ್ನಿಷ್ ತಯಾರಿಕೆಗೆ ಬೇಕಾದ ಗುಣ ಜೋಡಿಗೆ ಕೇಡು. ಅಗಸಿ ಎಣ್ಣೆಯಂತೂ ಇನ್ನೂ ಬೇಗ ಒಣಗುತ್ತದೆ. ಔಡಲೆಣ್ಣೆಗೆ ಆ ಚಾಳಿಯಿಲ್ಲ. ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿದರೆ ಸಾಕು. ತೋಯಿಸಿಟ್ಟರೆ ಪಟ್ಟಿ ಸಡಿಲಾಗಿ ಜೋಲುತ್ತದೆ, ಧೂಳೂ ಮೆತ್ತಿಕೊಳ್ಳುತ್ತದೆ.

ಮಳೆಯಲ್ಲಿ ನೆನೆದ ಜೋಡನ್ನು ಒಲೆಯ ಬುಡಕ್ಕೆ ತಂದಿಡುವವರಿದ್ದಾರೆ. ಒದ್ದೆಯಿದ್ದಾಗ ತೊಗಟೆಯ ಹದದ ತೊಗಲು 80 ಡಿಗ್ರಿಯ ಆಸುಪಾಸಿನಲ್ಲೇ ಮುದುಡುತ್ತದೆ. ಹಾಗೆ ಕುಗ್ಗಿದ ಕೊಲಾಜೆನ್ ಯಾವ ಎಣ್ಣೆಗೂ ಮರಳಿ ಬಾರದು. ಹಳೆಯ ಪೇಪರ್ ಸುತ್ತಿ ನೆರಳಲ್ಲಿ ಒಣಗಿಸಿ, ಎರೆಮಣ್ಣು ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಬೂಷ್ಟು ಹಿಡಿದಿದ್ದರೆ ಒಣ ಬಟ್ಟೆಯಿಂದ ಒರೆಸಿ ಗಾಳಿಗಿಡಿ, ಎಣ್ಣೆ ಆಮೇಲೆ.